ಸಮುದ್ರ ಮನೆ ಬದಲಿಸಿದ ಊರಿನಲ್ಲಿ ಅಕ್ಕನ ಮೂರು ಮುಳುಗು

ಬಸವೇಶ್ವರನಗರ: ಗೇಟಿನ ಹೊರಗೆ

ನಮ್ಮ ಮನೆಯಲ್ಲಿ ಹಲಸಿನ ಹಣ್ಣನ್ನು ಗೇಟಿನ ಹೊರಗೆ ನಿಂತು ತಿನ್ನುವುದು ಪದ್ಧತಿ. ತಿಂದ ಮೇಲೆ ಕೈ ತೊಳೆದು, ಬಾಯಿ ಮುಕ್ಕಳಿಸಿ, ಹತ್ತು ನಿಮಿಷ ಗಾಳಿಗೆ ನಿಂತು ಒಳಗೆ ಬರಬೇಕು. ಎದುರು ಮನೆಯವರು ಮೊದಮೊದಲು ನನ್ನನ್ನು ಮನೆಯಿಂದ ಹೊರಗೆ ಹಾಕಿದ್ದಾರೆ ಅಂದುಕೊಂಡಿದ್ದರು.

ಈ ನಿಯಮ ಮಾಡಿದವಳು ನನ್ನ ಅಕ್ಕ ಕಮಲ. ಅವಳಿಗೆ ಎಪ್ಪತ್ತೆಂಟು, ನನಗೆ ಎಪ್ಪತ್ತು. ದೀಪಾಂಜಲಿ ನಗರದ ಮನೆಯನ್ನು ಮಗನಿಗೆ ಬಿಟ್ಟು ಹತ್ತು ವರ್ಷದಿಂದ ನನ್ನ ಜೊತೆ ಇದ್ದಾಳೆ. ಅವಳು ಹಲಸಿನ ಹಣ್ಣು ಮುಟ್ಟದೆ ಅರವತ್ತು ವರ್ಷಗಳ ಮೇಲಾಯಿತು. ಅದಕ್ಕೆ ಕಾರಣ ಸಿಂಗಾಪುರ.

ನಾನು ನಾಲ್ಕು ವರ್ಷದವಳಿದ್ದಾಗ ಅಪ್ಪ ಅಲ್ಲಿನ ಹಡಗು ಕಂಪನಿಯೊಂದರಲ್ಲಿ ಟೈಪಿಸ್ಟ್ ಆಗಿ ಹೋದರು. ಆಗ ರಾಜಾಜಿನಗರ ಇನ್ನೂ ಎದ್ದು ನಿಲ್ಲುತ್ತಿತ್ತು. ಇವತ್ತು ಬಯಲು, ನಾಳೆ ಬೀದಿ. ಅಪ್ಪ ಹೋದ ಸ್ವಲ್ಪ ದಿನಕ್ಕೆ ನಮ್ಮ ಮನೆಯ ನಂಬರು ಬದಲಾಯಿತು, ಕ್ರಾಸಿನ ನಂಬರೂ ಬದಲಾಯಿತು. ಅದನ್ನು ಅಪ್ಪನಿಗೆ ಬರೆದು ತಿಳಿಸಬೇಕು ಎಂದು ಅಮ್ಮನಿಗೆ ಹೊಳೆಯಲೇ ಇಲ್ಲ. 'ಸ್ವಂತ ಮನೆ ಎಲ್ಲಿದೆ ಅಂತ ಅವರಿಗೆ ಗೊತ್ತಿಲ್ವಾ' ಎಂಬುದು ಅವರ ವಾದ. ಅಪ್ಪನ ಕಾಗದಗಳು ಹಳೆಯ ನಂಬರು ಹೊತ್ತ ಇನ್ಯಾರದೋ ಮನೆ ಸೇರಿದವು. 'ಯಾಕೆ ಬರೀತಿಲ್ಲ' ಎಂದು ಅಮ್ಮ ಕೇಳಿದಾಗಲೆಲ್ಲ ಅಪ್ಪ ಇನ್ನೂ ಉದ್ದದ ಕಾಗದ ಬರೆದರು, ಅದೇ ಹಳೆಯ ವಿಳಾಸಕ್ಕೆ.

ಎಂಟು ತಿಂಗಳು ಸುದ್ದಿಯಿಲ್ಲ. ಅಮ್ಮ ಮನೆದೇವರ ಮುಂದೆ ಹರಕೆ ಹೊತ್ತರು: ಅವರು ಕ್ಷೇಮವಾಗಿ ಬಂದರೆ, ಅವರನ್ನು ಇಟ್ಟುಕೊಂಡಿರುವ ಆ ಸಮುದ್ರದಲ್ಲೇ ಹೋಗಿ ಮೂರು ಮುಳುಗು ಹಾಕುತ್ತೇನೆ, ಅಲ್ಲಿಯವರೆಗೆ ಹಲಸಿನ ಹಣ್ಣು ಮುಟ್ಟುವುದಿಲ್ಲ.

ಅಪ್ಪ ಕ್ಷೇಮವಾಗಿ ಬಂದರು. ಟ್ರಂಕು ಹೊತ್ತು ಮೊದಲು ಹೋದದ್ದು ಮಾತ್ರ ಆ ಬೇರೆ ಮನೆಗೆ. ಎರಡು ವರ್ಷದಲ್ಲಿ ಬಯಲೆಲ್ಲ ಮನೆಯಾಗಿ ಗುರುತೇ ಸಿಗದೆ ನಂಬರು ನೋಡಿಕೊಂಡು ಹೋಗಿದ್ದರು. ಆ ಮನೆಯ ಯಜಮಾನರು ಅಪ್ಪನನ್ನು ಕೂರಿಸಿ, ಕಾಫಿ ಕೊಟ್ಟು, ಅಪ್ಪನೇ ಬರೆದ ಕಾಗದಗಳ ಕಟ್ಟನ್ನು ಅಪ್ಪನ ಕೈಗೇ ಕೊಟ್ಟು ಕಳಿಸಿದರಂತೆ.

ಅಮ್ಮನಿಗೆ ಸಿಂಗಾಪುರಕ್ಕೆ ಹೋಗಲಾಗಲಿಲ್ಲ. ತೀರಿಕೊಳ್ಳುವ ಮೊದಲು ಹರಕೆಯನ್ನು ಅಕ್ಕನಿಗೆ ದಾಟಿಸಿದರು. ಅಕ್ಕ ಆಗಲೇ, ಹನ್ನೆರಡನೇ ವಯಸ್ಸಿನಿಂದಲೂ, ಅಮ್ಮನಿಗೆ ಜೊತೆಯಾಗಿ ಹಣ್ಣು ಬಿಟ್ಟಿದ್ದಳು. ನಾನು ಬಿಟ್ಟಿರಲಿಲ್ಲ. ಹಾಗಾಗಿ ಗೇಟಿನ ಹೊರಗೆ.

ಸುಲಭದ ದಾರಿ ತೋರಿಸದೆ ಇರಲಿಲ್ಲ. ಒಮ್ಮೆ ಮದುವೆಗೆಂದು ಮಂಗಳೂರಿಗೆ ಹೋದಾಗ, "ಅಕ್ಕ, ಎಲ್ಲ ಸಮುದ್ರದ ನೀರೂ ಒಂದಕ್ಕೊಂದು ಸೇರಿಕೊಂಡೇ ಇರತ್ತೆ, ಇಲ್ಲೇ ಮುಳುಗಿಬಿಡು" ಎಂದೆ.

"ಹಾಗಾದ್ರೆ ಮನೇಲಿ ಬಕೆಟ್ಟಲ್ಲೇ ಮುಗಿಸಬಹುದಿತ್ತಲ್ಲ ಕಣೇ" ಎಂದಳು.

ಈ ವರ್ಷ ಅವಳ ಮಂಡಿ ಕೈಕೊಡುವ ಸೂಚನೆ ಕಂಡಿತು. ಮುಂದಿನ ವರ್ಷ ಎಂದರೆ ಆಗದು ಎಂದು ನಾನು ತೀರ್ಮಾನಿಸಿದೆ. ನಾನು ರಾಜಾಜಿನಗರದ ಶಾಲೆಯಲ್ಲಿ ಮೂವತ್ತು ವರ್ಷ ಆಟದ ಟೀಚರ್ ಆಗಿದ್ದವಳು. ತೀರ್ಮಾನಿಸಿದ ಮೇಲೆ ಸಾಲು ಹೊರಡಲೇಬೇಕು. ಕೈಚೀಲದಲ್ಲಿ ತಾಮ್ರದ ಚೊಂಬು, ಬಟ್ಟೆ ಒಣಗಿಸುವ ಹಗ್ಗ, ಅರಿಶಿನ ಕುಂಕುಮ, ಎರಡು ಜೊತೆ ಹಳೆಯ ಸೀರೆ, ನನ್ನ ಸೀಟಿ, ಮತ್ತು ಅಪ್ಪನ ಒಂದು ಫೋಟೊ. ಕಲ್ಲಿನ ಕಟ್ಟೆಯ ಮೇಲೆ ಕುಳಿತ ಅಪ್ಪ, ಹಿಂದೆ ಸಮುದ್ರ, ಅದರ ಮೇಲೆ ಹಡಗುಗಳು. ಹಿಂಬದಿಯಲ್ಲಿ ಅವರದೇ ಅಕ್ಷರ: 'ದೊಡ್ಡ ಮೈದಾನ ದಾಟಿದರೆ ಸಮುದ್ರ. ಸಂಜೆ ಇಲ್ಲಿ ಕೂರುತ್ತೇನೆ. ನಾಲ್ಕು ಮೆಟ್ಟಿಲು ಇಳಿದರೆ ನೀರು.'

ಇದಕ್ಕಿಂತ ಸ್ಪಷ್ಟವಾದ ವಿಳಾಸ ಇನ್ನೇನು ಬೇಕು?

ಹೋಟೆಲು: ಮುಳ್ಳಿನ ಹಣ್ಣಿನ ಚಿತ್ರ

ಸಿಂಗಾಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ನಾನು ನನ್ನ ಗಡಿಯಾರ ಬದಲಿಸಲಿಲ್ಲ. ಬೆಳಿಗ್ಗೆ ಐದಕ್ಕೆ ಏಳುವುದು, ಐದೂವರೆಗೆ ನಡಿಗೆ, ಏಳಕ್ಕೆ ಸ್ನಾನ, ಎಂಟೂವರೆಗೆ ತಿಂಡಿ. ಇಷ್ಟು ವರ್ಷದ ಶಿಸ್ತನ್ನು ನಾಲ್ಕು ದಿನಕ್ಕಾಗಿ ಕೆಡಿಸಿಕೊಳ್ಳುವುದು ಸರಿಯಲ್ಲ. ಇದರಿಂದ ಆದ ತೊಂದರೆ ಒಂದೇ: ನಾವು ತಿಂಡಿಗೆ ಇಳಿಯುವ ಹೊತ್ತಿಗೆ ಹೋಟೆಲಿನವರು ಮೇಜು ಒರೆಸಿ, ಚಮಚ ಎಣಿಸಿ, ದೀಪ ಆರಿಸಿರುತ್ತಿದ್ದರು.

ಅಕ್ಕನಿಗೆ ಮಾತ್ರ ಆ ಹೋಟೆಲು ಮೊದಲ ನೋಟಕ್ಕೇ ಹಿಡಿಸಿತು. ಲಿಫ್ಟಿನಲ್ಲಿ ಮೈತುಂಬ ಮುಳ್ಳಿರುವ ಹಣ್ಣಿನ ಚಿತ್ರ ಹಾಕಿ, ಅದರ ಮೇಲೆ ಕೆಂಪು ಗೆರೆ ಎಳೆದಿದ್ದರು.

"ನೋಡಿದ್ಯಾ ಸುಶೀಲಾ, ಇಲ್ಲೂ ಹಲಸಿನ ಹಣ್ಣು ಒಳಗೆ ತರೋ ಹಾಗಿಲ್ಲ" ಎಂದಳು.

ಅದು ಹಲಸಲ್ಲ, ಡೂರಿಯನ್ ಎಂಬ ನಾರುವ ಹಣ್ಣು ಎಂದು ವಿವರಿಸಿದೆ. ಅವಳು ಕೇಳಿಸಿಕೊಳ್ಳಲಿಲ್ಲ. "ಶಿಸ್ತಿರೋ ಊರು" ಎಂದು ಮೂರು ಸಲ ಹೇಳಿದಳು.

ತಿಂಡಿ ಸಿಗದೆ ಹತ್ತಿರದ ಊಟದ ಅಂಗಳಕ್ಕೆ ಹೋದೆವು. ದೊಡ್ಡ ಚಪ್ಪರದಡಿ ಹತ್ತಾರು ಅಂಗಡಿ, ನಡುವೆ ಮೇಜುಗಳು. ಅರ್ಧ ಮೇಜುಗಳು ಖಾಲಿ, ಆದರೆ ಪ್ರತಿ ಮೇಜಿನ ಮೇಲೂ ಯಾರೋ ಒಂದು ಚಿಕ್ಕ ಟಿಶ್ಯೂ ಪೊಟ್ಟಣ ಮರೆತು ಹೋಗಿದ್ದರು. ಶಾಲೆಯಲ್ಲಿ ಮಕ್ಕಳು ಬಿಟ್ಟುಹೋದ ಸಾಮಾನನ್ನು ಒಟ್ಟುಮಾಡುವುದು ನನ್ನ ಕೆಲಸವೇ ಆಗಿತ್ತು. ಏಳು ಪೊಟ್ಟಣ ಆರಿಸಿ, ಮೇಜು ಒರೆಸುತ್ತಿದ್ದ ಹೆಂಗಸಿನ ಕೈಗೆ ಕೊಟ್ಟೆ. ಆಕೆ ಪೊಟ್ಟಣ ನೋಡಿದಳು, ನನ್ನ ನೋಡಿದಳು, "ಅಯ್ಯೋ ಆಂಟಿ" ಎನ್ನುವ ಅರ್ಥ ಬರುವ ಏನನ್ನೋ ಚೀನೀ ಭಾಷೆಯಲ್ಲಿ ಹೇಳಿದಳು. ಅಷ್ಟರಲ್ಲಿ ಏಳು ಮೇಜುಗಳವರು ತಟ್ಟೆ ಹಿಡಿದು ಬಂದರು. ಯಾರ ಜಾಗ ಯಾವುದೆಂದು ಯಾರಿಗೂ ತಿಳಿಯಲಿಲ್ಲ.

ಅಕ್ಕನಿಗೆ ತಕ್ಷಣ ಅರ್ಥವಾಯಿತು. "ಇದು ನಮ್ಮ ಬಸ್ಸಲ್ಲಿ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟ್ ಹಿಡೀತಾರಲ್ಲ, ಅದೇ ಕಣೇ. ಇಲ್ಲಿ ಎಸೆಯಲ್ಲ, ಇಡ್ತಾರೆ. ಅಷ್ಟೇ."

ವ್ಯತ್ಯಾಸ ಇನ್ನೊಂದಿತ್ತು. ನಮ್ಮಲ್ಲಿ ಕರ್ಚೀಫ್ ಎತ್ತಿ ಪಕ್ಕಕ್ಕಿಟ್ಟು ಕೂರುವವರೂ ಇದ್ದಾರೆ. ಇಲ್ಲಿ ಆ ಪೊಟ್ಟಣವನ್ನು ಮುಟ್ಟಿದವಳು ನಾನೊಬ್ಬಳೇ ಎಂದು ಎಲ್ಲರ ಮುಖದಲ್ಲೂ ಬರೆದಿತ್ತು. ಕ್ಷಮೆ ಕೇಳಿ, ಇಬ್ಬರೂ ನಿಂತೇ ದೋಸೆ ತಿಂದೆವು.

ಮೈದಾನ ದಾಟಿದರೆ

ಮೈದಾನ ಸಿಕ್ಕಿತು. ಅಪ್ಪ ಹೇಳಿದಷ್ಟೇ ದೊಡ್ಡದು, ಹಸಿರು ಹುಲ್ಲು, ಒಂದು ಕಾಗದದ ಚೂರಿಲ್ಲ. ದಾಟಿದೆವು. ಆಚೆ ಮರಗಳ ಸಾಲು, ಅದರಾಚೆ ನೀರು. ನನಗೆ ಹೆಮ್ಮೆಯಾಯಿತು. ಅಪ್ಪನ ವಿಳಾಸ ಇಷ್ಟು ವರ್ಷಕ್ಕೂ ಸರಿಯಾಗಿಯೇ ಇತ್ತು.

ಅಕ್ಕ ಫೋಟೊ ಎತ್ತಿ ಹಿಡಿದು ಎದುರಿಗೆ ನೋಡಿದಳು. ಫೋಟೊದಲ್ಲಿ ಬಯಲು ಸಮುದ್ರ ಇದ್ದಲ್ಲಿ ಈಗ ಆಚೆ ದಡ ಕಾಣುತ್ತಿತ್ತು. ಆ ದಡದ ಮೇಲೆ ಮೂರು ಗೋಪುರ ಎತ್ತರಿಸಿ, ಅವುಗಳ ನೆತ್ತಿಯ ಮೇಲೆ ಹಡಗಿನಂಥದ್ದೊಂದನ್ನು ಇಟ್ಟಿದ್ದರು.

"ಅಪ್ಪನ ಕಾಲದಲ್ಲಿ ಹಡಗು ಕೆಳಗಿತ್ತು" ಎಂದಳು. "ಈಗ ಯಾಕೆ ಮೇಲೆ ಹತ್ತಿಸಿದಾರೋ."

ನಾಲ್ಕು ಮೆಟ್ಟಿಲು ಎಲ್ಲೂ ಕಾಣಲಿಲ್ಲ. ಆ ತುದಿಯಿಂದ ಈ ತುದಿಗೆ ಎರಡು ಸುತ್ತು ಹಾಕಿದೆವು. ಕೊನೆಗೆ ಚೊಂಬಿಗೆ ಹಗ್ಗ ಕಟ್ಟಿ ದಡಕ್ಕೆ ಹಾಕಿದ್ದ ಕಂಬಿಯ ಸಂದಿಯಿಂದ ಇಳಿಬಿಟ್ಟೆ. ಮೊದಲು ಅಕ್ಕ ತಲೆಗೆ ಪ್ರೋಕ್ಷಣೆ ಮಾಡಿಕೊಳ್ಳಲಿ, ಮುಳುಗಲು ಜಾಗ ಆಮೇಲೆ ನೋಡೋಣ ಎಂಬುದು ನನ್ನ ಯೋಜನೆ. ನಮ್ಮ ಹಿಂದೆ ಓಡುತ್ತಿದ್ದ ಇಬ್ಬರು ನಿಂತರು. ಒಬ್ಬ ಫೋನಿನಲ್ಲಿ ನಮ್ಮ ಚಿತ್ರ ತೆಗೆದ. ಬಾವಿಯಲ್ಲಿ ನೀರು ಸೇದುವುದನ್ನು ಅವನು ನೋಡಿರಲಿಕ್ಕಿಲ್ಲ.

ಅಕ್ಕ ಪೂರ್ವಕ್ಕೆ ಮುಖ ಮಾಡಿ, ಕಣ್ಣು ಮುಚ್ಚಿ, ಅಂಗೈಯಲ್ಲಿ ನೀರು ಹಾಕಿಕೊಂಡು ಒಂದು ಹನಿ ನಾಲಿಗೆಗೆ ತಾಗಿಸಿದಳು. ಕಣ್ಣು ತೆರೆದಳು. ಇನ್ನೊಂದು ಹನಿ. ಆಮೇಲೆ ಒಂದು ಗುಟುಕು.

"ಸುಶೀಲಾ, ಇದಕ್ಕೆ ಉಪ್ಪೇ ಇಲ್ಲ ಕಣೇ."

ನಾನೂ ಕುಡಿದು ನೋಡಿದೆ. ನಮ್ಮ ಮನೆಯ ಬೋರ್‌ವೆಲ್ ನೀರೇ ಇದಕ್ಕಿಂತ ಉಪ್ಪು.

ಸಿಹಿನೀರಿನ ಸಂಗತಿ

"ಆಂಟಿ, ಆಂಟಿ, ಏನ್ ಮಾಡ್ತಾ ಇದೀರ?"

ತಮಿಳಿನಲ್ಲಿ ಕೂಗುತ್ತ ಬಂದದ್ದು ಅಲ್ಲಿನ ಸೆಕ್ಯೂರಿಟಿ. ನನಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು, ಅಂಗಿಯ ಇಸ್ತ್ರಿ ಗೆರೆ ಗರಿಗರಿಯಾಗಿತ್ತು. ಆ ಕಾರಣಕ್ಕೇ ಗೌರವ ಬಂತು. ಹೆಸರು ಮುರುಗೇಶನ್. ಅವರ ತಾತ ತಂಜಾವೂರಿನ ಕಡೆಯವರಂತೆ. ಅಕ್ಕ ದೀಪಾಂಜಲಿ ನಗರದಲ್ಲಿ ಮೂವತ್ತು ವರ್ಷ ಪಕ್ಕದ ಮನೆಯವರಿಂದ ಕಲಿತ ತಮಿಳಿನಲ್ಲಿ ನೇರವಾಗಿ ಕೇಳಿದಳು:

"ಇಲ್ಲಿದ್ದ ಸಮುದ್ರ ಎಲ್ಲಿ?"

ಅವರು ನಕ್ಕುಬಿಟ್ಟರು. "ಇದು ಕುಡಿಯೋ ನೀರಮ್ಮ. ಇದರೊಳಗೆ ಸ್ನಾನ ಮಾಡೋ ಹಾಗಿಲ್ಲ, ಅರಿಶಿನ ಹಾಕೋ ಹಾಗಿಲ್ಲ, ಚೊಂಬೂ ಇಳಿಸೋ ಹಾಗಿಲ್ಲ."

ನಾನು ಹಗ್ಗವನ್ನು ಚೀಲಕ್ಕೆ ಹಾಕಿಕೊಂಡೆ. ಮೂವತ್ತು ವರ್ಷ ನಿಯಮ ಹೇರಿದವಳು ಮೊದಲ ಬಾರಿಗೆ ನಿಯಮ ಮುರಿದು ಸಿಕ್ಕಿಬಿದ್ದಿದ್ದೆ.

ಮರದ ನೆರಳಿನ ಬೆಂಚಿನಲ್ಲಿ ನಮ್ಮನ್ನು ಕೂರಿಸಿ ಆ ಊರು ಬೆಳೆದ ಕತೆಯನ್ನು ಅವರು ಹೇಳಿದರು. ಈ ದೇಶ ಚಿಕ್ಕದು. ಜನ ಹೆಚ್ಚಾದರು, ಹಡಗು ಹೆಚ್ಚಾದವು, ಜಾಗ ಹೆಚ್ಚಾಗಲಿಲ್ಲ. ಹಾಗಾಗಿ ಮೊದಲಿನಿಂದಲೂ ಸಮುದ್ರವನ್ನೇ ತುಂಬಿಸುತ್ತ ಬಂದರು. ಗುಡ್ಡ ಕಡಿದು ಆ ಮಣ್ಣನ್ನು ಸಮುದ್ರಕ್ಕೆ ಸುರಿದರು. ಗುಡ್ಡ ಮುಗಿದ ಮೇಲೆ ಹೊರಗಿನಿಂದ ಮರಳು ತರಿಸಿದರು. ಬೀಚ್ ರೋಡ್ ಎಂಬ ರಸ್ತೆಯೇ ಇದೆಯಂತೆ. ಅವರ ತಾತನ ತಾತನ ಕಾಲಕ್ಕೆ ಅಲೆ ಅಲ್ಲಿಗೆ ಬಡಿಯುತ್ತಿತ್ತು. ಈಗ ಅಲ್ಲಿಂದ ಬೀಚಿಗೆ ಹೋಗಬೇಕಾದರೆ ಟ್ಯಾಕ್ಸಿ ಹಿಡಿಯಬೇಕು. ಅವರು ಹುಡುಗರಾಗಿದ್ದಾಗ ಇದೇ ಕಟ್ಟೆಯ ಮೇಲೆ ಕುಳಿತು ಉಪ್ಪುಗಾಳಿ ಕುಡಿದಿದ್ದರು. ಆಮೇಲೆ ಎದುರಿಗೆ ನೆಲ ಎದ್ದಿತು, ಸಮುದ್ರ ಕೊಳದಂತಾಯಿತು. ಕೊನೆಗೆ ಕೊಳದ ಬಾಯಿಗೆ ಅಡ್ಡಗಟ್ಟೆ ಹಾಕಿ, ಮಳೆನೀರು ತುಂಬಿಸಿ, ಉಪ್ಪನ್ನೂ ಹೊರಗೆ ಹಾಕಿದರು.

"ನೀವು ವಿಮಾನ ಇಳಿದ ಜಾಗದಲ್ಲೂ ಒಂದಷ್ಟು ಮೊದಲು ಸಮುದ್ರವೇ" ಎಂದರು.

"ಹಾಗಾದ್ರೆ ಅಕ್ಕ, ಇಳಿದಾಗಲೇ ನಿನ್ನ ಹರಕೆ ತೀರಿತು ಬಿಡು" ಎಂದೆ ನಾನು.

"ಸುಮ್ನಿರೇ" ಎಂದಳು.

ನಾವು ಬೆಂಗಳೂರಿನವರು ಆಶ್ಚರ್ಯಪಡುವ ಹಾಗಿರಲಿಲ್ಲ. ನಮ್ಮಲ್ಲಿ ಕೆರೆಯಿದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಇನ್ನೊಂದು ಕೆರೆಯಂಗಳದ ಕ್ರೀಡಾಂಗಣದಲ್ಲಿ ನಾನೇ ಮಕ್ಕಳನ್ನು ನೂರು ಮೀಟರು ಓಡಿಸಿ ಬಹುಮಾನ ತಂದಿದ್ದೇನೆ. ವ್ಯತ್ಯಾಸ ಇಷ್ಟೇ: ಇಲ್ಲಿಯವರು ಸಮುದ್ರವನ್ನು ಎಬ್ಬಿಸಿದ ಮೇಲೆ ಅದು ಮತ್ತೆ ಬಾರದಂತೆ ಕಟ್ಟೆ ಕಟ್ಟಿದ್ದಾರೆ. ನಮ್ಮ ಕೆರೆಗಳು ಹಾಗಲ್ಲ. ಪ್ರತಿ ಮಳೆಗಾಲ ಹಳೆಯ ಮನೆ ನೋಡಲು ಬಂದು, ನೆಲಮಾಳಿಗೆಯಲ್ಲಿ ಎರಡು ದಿನ ತಂಗಿ ಹೋಗುತ್ತವೆ.

ಫೋಟೊ ಅಕ್ಕನ ಮಡಿಲಲ್ಲಿತ್ತು. ಅವಳ ಮಂಡಿ, ಅವಳ ವಯಸ್ಸು, ಮತ್ತೆ ಈ ಊರಿಗೆ ಬರುವುದು ಆಗುವ ಮಾತಲ್ಲ. ಹರಕೆ ತೀರಿಸದೆ ಹೋದರೆ ಅದನ್ನು ಯಾರಿಗೆ ದಾಟಿಸುವುದು? ಮಗನಿಗೆ ಹಲಸು ಎಂದರೆ ಪ್ರಾಣ. ನನಗೂ.

"ಅಪ್ಪನನ್ನ ಇಟ್ಕೊಂಡಿದ್ದ ಸಮುದ್ರ ಇಲ್ವೇ ಇಲ್ಲ ಅಂದ್ಮೇಲೆ" ಎಂದಳು, "ಅಮ್ಮನಿಗೆ ಏನು ಹೇಳ್ಲಿ."

ಮುರುಗೇಶನ್ ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಇಲ್ಲ ಅಂತ ಯಾರಮ್ಮ ಹೇಳಿದ್ದು? ಸಮುದ್ರವನ್ನ ಸಾಯಿಸೋಕಾಗತ್ತಾ? ಇಲ್ಲಿಂದ ಖಾಲಿ ಮಾಡಿಸಿದಾರೆ, ಅಷ್ಟೇ. ನಿಮ್ಮಪ್ಪ ನೋಡಿದ ಸಮುದ್ರವೇ ಈಗ ಪೂರ್ವದ ಕಡೆ ಬೀಚಲ್ಲಿದೆ. ಅಲ್ಲಿ ಸ್ನಾನ ಮಾಡಬಹುದು, ಯಾರೂ ಏನೂ ಅನ್ನಲ್ಲ."

ಅಕ್ಕ ಅವರ ಮುಖವನ್ನೇ ನೋಡಿದಳು.

"ಅಂದ್ರೆ ಮನೆ ನಂಬರ್ ಬದಲಾಗಿದೆ ಅನ್ನಿ."

"ಕರೆಕ್ಟ್."

"ನಾವು ಹಳೇ ಅಡ್ರೆಸ್ಸಿಗೆ ಬಂದಿದೀವಿ ಕಣೇ ಸುಶೀಲಾ" ಎಂದು ಎದ್ದಳು. ಮಂಡಿ ಹಿಡಿದುಕೊಳ್ಳದೆ ಎದ್ದಳು. "ಅಪ್ಪನ ಹಾಗೇ."

ಪೂರ್ವ ತೀರ: ಹೊಸ ನೆಲ, ಹಳೆಯ ನೀರು

ಮರುದಿನ ಬೆಳಿಗ್ಗೆ ನನ್ನ ಗಡಿಯಾರದ ಆರಕ್ಕೆ ಹೊರಟೆವು. ಊರಿಗೆ ಆಗ ಎಂಟೂವರೆ. ಬಸ್ಸಿಳಿದ ಮೇಲೆ ಸಾಲುಸಾಲು ಫ್ಲ್ಯಾಟುಗಳು, ಕ್ರಮಸಂಖ್ಯೆ ಬರೆದ ಬ್ಲಾಕುಗಳು. ನಮ್ಮ ಲೇಔಟಿನ ಹಾಗೇ ಇದೆ ಎಂದು ಖುಷಿಯಾಯಿತು. ಅದೂ ಸಮುದ್ರದ ಮೇಲೆ ಮಾಡಿದ ಲೇಔಟು ಎಂದು ದಾರಿ ತೋರಿಸಿದ ಅಜ್ಜಿಯೊಬ್ಬರು ಹೇಳಿದರು. ಅವರು ಹುಡುಗಿಯಾಗಿದ್ದಾಗ ಅವರ ಮನೆಯ ಹಿತ್ತಲಿಗೇ ಅಲೆ ಬರುತ್ತಿತ್ತಂತೆ. ಹೆದ್ದಾರಿಯ ಕೆಳಗಿನ ಸುರಂಗ ದಾಟಿದೆವು. ಆಚೆ ತೆಂಗಿನ ಮರ, ಮರಳು, ಮತ್ತು ಉಪ್ಪಿನ ವಾಸನೆ.

ಅಕ್ಕ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಮುಖ ಕಿವುಚಿತು. ಆ ಕಿವುಚಿದ ಮುಖದಷ್ಟು ಸಂತೋಷದ ಮುಖವನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಹಳೆಯ ಸೀರೆ ಉಟ್ಟು ಸೆರಗು ಸಿಕ್ಕಿಸಿ ಇಬ್ಬರೂ ಮೊಣಕಾಲುದ್ದ ನೀರಿಗೆ ಇಳಿದೆವು. ಅಲ್ಲಿಗೆ ಅಕ್ಕ ನಿಂತುಬಿಟ್ಟಳು.

"ಈ ಮರಳು ಎಲ್ಲಿಂದ ತಂದಿದ್ದು?"

"ಯಾವುದೋ ಊರಿಂದ."

"ಹಾಗಾದ್ರೆ ನಾನು ನಿಂತಿರೋದು ಸಿಂಗಾಪುರದಲ್ಲಲ್ಲ."

"ಅಕ್ಕ, ದಯವಿಟ್ಟು ಶುರು ಮಾಡ್ಬೇಡ."

"ನೀರು ಸರಿಯಾಗಿದೆ. ನೆಲ ಸರಿಯಿಲ್ಲ. ಬೇರೆ ಊರಿನ ಮಣ್ಣು ಮೆಟ್ಕೊಂಡು ಮುಳುಗಿದ್ರೆ ಅದು ಬೇರೆ ಊರಿನ ಸ್ನಾನ ಆಗತ್ತೆ."

ಅರವತ್ತು ವರ್ಷ ಕಾದವಳಿಗೆ ಕೊನೆಯ ಗಳಿಗೆಯಲ್ಲಿ ತಕರಾರು ತೆಗೆಯುವ ಹಕ್ಕಿದೆ ಎಂದು ಒಪ್ಪಿಕೊಂಡೆ. ಆದರೆ ನಾನು ಶಾಲೆಯಿಂದ ಈಜುಕೊಳಕ್ಕೆ ಕರೆದೊಯ್ದು ಸಾವಿರಾರು ಮಕ್ಕಳಿಗೆ ನೀರಿನ ಭಯ ಬಿಡಿಸಿದ್ದೇನೆ.

"ಸರಿ, ಹಾಗಾದ್ರೆ ನೆಲ ಮುಟ್ಬೇಡ. ನಾನು ಎತ್ತಿ ಹಿಡಿದುಕೊಳ್ತೀನಿ."

"ನಿನಗೂ ಎಪ್ಪತ್ತು ಕಣೇ."

"ನೀರಲ್ಲಿ ಭಾರ ಇರಲ್ಲ. ಮಲಗು."

ಸೊಂಟದ ಮಟ್ಟಕ್ಕೆ ಹೋಗಿ, ಅವಳ ಬೆನ್ನ ಕೆಳಗೆ ಎರಡೂ ಕೈ ಕೊಟ್ಟೆ. ಹೊಸದಾಗಿ ಈಜು ಕಲಿಯುವ ಮಗುವಿನಂತೆ ಅಕ್ಕ ಹಿಂದಕ್ಕೆ ಒರಗಿ, ಒಂದೊಂದೇ ಕಾಲನ್ನು ಪರದೇಶದ ಮರಳಿನಿಂದ ಮೇಲಕ್ಕೆತ್ತಿದಳು. ಸೀರೆ ನೀರಲ್ಲಿ ಉಬ್ಬಿ ಬಂತು. ಆಕಾಶ ನೋಡುತ್ತ ಮಲಗಿದಳು. ಅವಳ ತೂಕ ನನ್ನ ಅಂಗೈಗೆ ಒಂದು ಪಾಠಪುಸ್ತಕದಷ್ಟಿತ್ತು.

"ಬಿಡಬೇಡ ಕಣೇ."

"ಬಿಡಲ್ಲ. ಸೀಟಿ ಊದಿದಾಗ ಉಸಿರು ಹಿಡಿ."

ನನ್ನ ಎರಡೂ ಕೈ ಕೆಲಸದಲ್ಲಿದ್ದವು. ಸೀಟಿಯನ್ನು ಮೊದಲೇ ಹಲ್ಲಿನ ಮೂಲೆಯಲ್ಲಿ ಕಚ್ಚಿಕೊಂಡಿದ್ದೆ. ಅಭ್ಯಾಸಬಲದಿಂದ ಶಾಲೆಯ ಮೈದಾನಕ್ಕೆ ಕೇಳುವಷ್ಟು ಗಟ್ಟಿಯಾಗಿಯೇ ಊದಿದೆ. ದಡದಲ್ಲಿ ಇಪ್ಪತ್ತು ಮಂದಿ ಚೀನೀ ಹಿರಿಯರು ನಿಧಾನವಾಗಿ ಕೈ ತೇಲಿಸುತ್ತ ವ್ಯಾಯಾಮ ಮಾಡುತ್ತಿದ್ದರು. ಸೀಟಿಗೆ ಇಪ್ಪತ್ತೂ ಮಂದಿ ಒಟ್ಟಿಗೆ, ಎತ್ತಿದ ಕೈ ಎತ್ತಿದಂತೆಯೇ ನಿಂತರು. ಅಂಥ ಸಾಲನ್ನು ನಾನು ನನ್ನ ಶಾಲೆಯಲ್ಲೂ ನೋಡಿರಲಿಲ್ಲ.

ಒಂದು ಮುಳುಗು. ಅಕ್ಕ ಮೇಲೆ ಬಂದು ಉಗುಳಿದಳು. ಎರಡನೇ ಸೀಟಿ, ಎರಡು. ಅಷ್ಟರಲ್ಲಿ ಆ ಹಿರಿಯರಿಗೆ ಏನೋ ವ್ರತವೆಂದು ಅರ್ಥವಾಗಿರಬೇಕು. ಮೂರನೆಯದಕ್ಕೆ ಅವರಲ್ಲಿ ಒಬ್ಬರು ಮೂರು ಬೆರಳೆತ್ತಿ ತೋರಿಸಿದರು. ಮೂರನೇ ಸಲ ಮೇಲೆ ಬಂದಾಗ ಅಕ್ಕನ ಮುಖದ ಮೇಲಿದ್ದ ನೀರೆಲ್ಲ ಸಮುದ್ರದ್ದೇ ಎಂದು ನಾನು ಹೇಳಲಾರೆ.

"ಕಾಲು ಇಡ್ಲಾ?"

"ಇಡು. ಮುಗೀತು."

ದಡದಲ್ಲಿ ಚಪ್ಪಾಳೆ ಬಿತ್ತು. ಅಕ್ಕ ಎಲ್ಲರಿಗೂ ಕೈ ಮುಗಿದಳು. ಅವರೂ ಬಗ್ಗಿದರು.

ಮೂರನೇ ಕುರ್ಚಿ

ಒಣ ಸೀರೆ ಉಟ್ಟು ಹತ್ತಿರದ ಊಟದ ಅಂಗಳಕ್ಕೆ ನಡೆದೆವು. ಹಣ್ಣಿನಂಗಡಿಯಲ್ಲಿ ಬಿಡಿಸಿದ ಹಲಸಿನ ತೊಳೆಗಳನ್ನು ಪಾರದರ್ಶಕ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದರು. ಒಂದೇ ಅಳತೆ, ಒಂದೇ ಬಣ್ಣ, ಸಮವಸ್ತ್ರ ತೊಟ್ಟಂತೆ. ಒಂದು ಡಬ್ಬಿ ತಂದೆ. ಮೂರು ಕುರ್ಚಿಯ ಮೇಜಿನಲ್ಲಿ ಕುಳಿತೆವು.

ಅಕ್ಕ ಡಬ್ಬಿ ತೆರೆದು ವಾಸನೆ ನೋಡಿದಳು. ಒಂದು ತೊಳೆ ಎತ್ತಿ ಕಣ್ಣಿಗೊತ್ತಿಕೊಂಡಳು. ಬಾಯಿಗೆ ಹಾಕಿಕೊಂಡಳು. ನಾನು ಕಾದೆ.

"ಪರವಾಗಿಲ್ಲ" ಎಂದಳು. "ಆದ್ರೆ ನಮ್ಮ ಮಾಗಡಿ ರೋಡ್ ಗಾಡಿಯವನ ಹಣ್ಣಿನಷ್ಟು ಸಿಹಿ ಇಲ್ಲ."

"ಅದರ ಸಿಹಿ ನಿನಗೆ ಹೇಗೆ ಗೊತ್ತು?"

ಅಕ್ಕ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಅಗಿದಳು.

"ವಾಸನೇಲೇ ಗೊತ್ತಾಗಲ್ವಾ."

ನಾನು ನಿವೃತ್ತಳು. ಇನ್ನು ವಿಚಾರಣೆ ಮಾಡುವ ಅಧಿಕಾರ ನನಗಿಲ್ಲ. ನಾನೂ ಒಂದು ತೊಳೆ ತಿಂದೆ. ಕುರ್ಚಿಯಲ್ಲಿ ಕುಳಿತು, ಮಾಡಿನ ಕೆಳಗೆ, ಅಕ್ಕನ ಎದುರಿಗೆ ಹಲಸು ತಿನ್ನುತ್ತಿದ್ದದ್ದು ಜೀವನದಲ್ಲಿ ಅದೇ ಮೊದಲು. ಕೈ ತೊಳೆಯಲು ಏಳಬೇಕೆನಿಸುತ್ತಲೇ ಇತ್ತು.

ಜನ ಬರತೊಡಗಿದರು. ತಟ್ಟೆ ಹಿಡಿದವರ ಕಣ್ಣು ನಮ್ಮ ಖಾಲಿ ಕುರ್ಚಿಯ ಮೇಲೆ ಬೀಳುತ್ತಿತ್ತು. ಅಕ್ಕ ನನ್ನ ಚೀಲಕ್ಕೆ ಕೈ ಹಾಕಿ, ಹೋಟೆಲಿನವರು ಕೊಟ್ಟಿದ್ದ ಟಿಶ್ಯೂ ಪೊಟ್ಟಣ ತೆಗೆದು ಆ ಕುರ್ಚಿಯ ಮೇಲೆ ಇಟ್ಟಳು. ಅದರ ಮುಂದೆ, ಮೇಜಿನ ಮೇಲೆ, ಡಬ್ಬಿಯ ಮುಚ್ಚಳದಲ್ಲಿ ದೊಡ್ಡದೊಂದು ತೊಳೆ ಆರಿಸಿ ಇಟ್ಟಳು.

"ಯಾರಿಗೆ?" ಎಂದೆ.

"ಅಮ್ಮ ಬರೋ ಹೊತ್ತಿಗೆ ಜಾಗ ಇರಬೇಕಲ್ಲ."

ತಟ್ಟೆ ಹಿಡಿದ ಯುವಕನೊಬ್ಬ ಬಂದು ಕುರ್ಚಿಗೆ ಕೈ ಹಾಕಿದ. ಪೊಟ್ಟಣ ಕಂಡಿತು. "ಸಾರಿ, ಆಂಟಿ" ಎಂದು ಕೈ ತೆಗೆದ. ಮೇಜು ಒರೆಸುವ ಹೆಂಗಸು ಬಂದಳು. ಮುಚ್ಚಳ ಇದ್ದಷ್ಟು ಜಾಗ ಬಿಟ್ಟು ಸುತ್ತ ಒರೆಸಿದಳು. ಅಂಗಳ ತುಂಬಿ, ಜನ ನಿಂತು ತಿನ್ನುವ ಹೊತ್ತಾದರೂ, ನಾವು ಏಳುವವರೆಗೆ ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ.